ರೋಗಿ ಅಲೆಯಬೇಕೋ, ವಿದ್ಯೆ ಅಲೆಯಬೇಕೋ?

ನಮ್ಮ ತಾಲ್ಲೂಕು ಬಸ್ ಸ್ಟ್ಯಾಂಡಿನಿಂದ ರಾತ್ರಿ ಒಂಬತ್ತೂವರೆಗೆ ಬೆಂಗಳೂರಿಗೆ ಒಂದು ಬಸ್ಸು ಹೊರಡುತ್ತದೆ. ಅದರಲ್ಲಿ ಕೂತವರಲ್ಲಿ ಯಾರು ಮದುವೆಗೆ ಹೊರಟವರು, ಯಾರು ಆಸ್ಪತ್ರೆಗೆ ಹೊರಟವರು ಅಂತ ಕೇಳಿ ತಿಳಿಯಬೇಕಾಗಿಲ್ಲ. ಆಸ್ಪತ್ರೆಗೆ ಹೊರಟವರ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಸ್ಕ್ಯಾನಿಂಗ್ ರಿಪೋರ್ಟು, ರಕ್ತ ಪರೀಕ್ಷೆಯ ಚೀಟಿ, ಎಲ್ಲಕ್ಕಿಂತ ಮೇಲೆ ನಾಲ್ಕಾಗಿ ಮಡಚಿದ ರೆಫರ್ ಲೆಟರ್. ಹೊಟ್ಟೆನೋವು, ಕಾಮಾಲೆ, ರಕ್ತವಾಂತಿ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವುದು. ನಮ್ಮ ಕಡೆಯಿಂದ ಮೇಲಕ್ಕೆ ಹೋಗುವ ರೋಗಿಗಳಲ್ಲಿ ಇಂಥವರೇ ಬಹಳ.

ಕೆಲವು ವರ್ಷಗಳ ಹಿಂದೆ ಆ ಬಸ್ಸಿನಲ್ಲಿ ಹೋದ ಒಬ್ಬ ಕೂಲಿ ಕಾರ್ಮಿಕರು ವಾಪಸ್ ಬರಲಿಲ್ಲ. ನಮಗೆ ಸುದ್ದಿ ಬಂದಿದ್ದು ಫೋನಿನಲ್ಲಿ. ತಾಲ್ಲೂಕಿನಲ್ಲಿ ಅವರನ್ನು ನೋಡಿದ್ದ ಡಾಕ್ಟ್ರನ್ನು ಕೇಳಿದೆವು. ಅವರು, 'ನಮಗೂ ಗೊತ್ತಾಗ್ಲಿಲ್ಲ, ಅದಕ್ಕೇ ಮೇಲಕ್ಕೆ ಕಳ್ಸಿದ್ವಿ' ಎಂದರು. ನಾವು 'ವಿಚಿತ್ರ ಕಾಯಿಲೆಗೆ ಕಾರ್ಮಿಕ ಬಲಿ' ಅಂತ ಹೆಡ್ಡಿಂಗ್ ಕೊಟ್ಟು ಕಳಿಸಿದೆವು. ಸಿಂಗಲ್ ಕಾಲಂ ಸುದ್ದಿ, ಮರುದಿನ ಬಂತು. ಒಂದು ವರ್ಷ ಕಳೆದ ಮೇಲೆ ಬೇರೆ ಯಾವುದೋ ಕೆಲಸಕ್ಕೆ ಆ ಊರಿಗೆ ಹೋದಾಗ ಅವರ ಹೆಂಡತಿ ಸಿಕ್ಕರು. ಒಳಗಿನಿಂದ ಆಸ್ಪತ್ರೆಯ ಕಾಗದ ತಂದು ತೋರಿಸಿದರು. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಹೆಪಟೈಟಿಸ್ ಸಿ ವೈರಸ್ಸಿನಿಂದ ಲಿವರ್ ಗಟ್ಟಿಯಾಗಿ, ಅದು ಕ್ಯಾನ್ಸರಿಗೆ ತಿರುಗಿತ್ತು. 'ನೀವು ಬರ್ದಿದ್ದು ಓದಿ ಆರು ತಿಂಗ್ಳು ನಮ್ಮನೇಲಿ ಯಾರೂ ನೀರು ಕುಡೀಲಿಲ್ಲ ಸಾರ್' ಎಂದರು ಆ ತಾಯಿ.

ಆ ವೈರಸ್ಸು ನೀರಿನಿಂದ ಬರುವುದಿಲ್ಲ, ಜೊತೆಗೆ ಕೂತು ಉಂಡರೂ ಬರುವುದಿಲ್ಲ. ರಕ್ತದಿಂದ ರಕ್ತಕ್ಕೆ ಹೋಗುವಂಥದ್ದು. ಅಷ್ಟನ್ನು ಬರೆಯಲು ನಮಗೆ ಒಂದು ಕಾಗದ ನೋಡುವ ತಾಳ್ಮೆ ಬೇಕಿತ್ತು. ನೋಡಲಿಲ್ಲ. ಗೊತ್ತಾದ ಮೇಲೂ ತಿದ್ದುಪಡಿ ಹಾಕಿಸಲಿಲ್ಲ. ಊರಿಗೆ ಮರಳುವಾಗ ಇನ್ನೊಂದು ವಿಷಯ ತಲೆಯಲ್ಲಿ ಕೊರೆಯತೊಡಗಿತು. ರೆಫರ್ ಮಾಡಿದ ಡಾಕ್ಟ್ರಿಗೂ ಆ ಕಾಗದ ತಲುಪಿರಲಿಲ್ಲವಲ್ಲ! ನಾಳೆ ಅಂಥದೇ ರೋಗಿ ಬಂದರೆ ಅವರಿಗೆ ಮತ್ತೆ ಗೊತ್ತಾಗುವುದಿಲ್ಲ, ನಾವು ಮತ್ತೆ 'ವಿಚಿತ್ರ' ಎಂದೇ ಬರೆಯುತ್ತೇವೆ.

ತಪ್ಪು ತಿಳಿಯುವುದು ಹೇಗೆ, ತಿಳಿದ ತಪ್ಪಿನಿಂದ ಕಲಿಯುವುದು ಹೇಗೆ ಎಂಬುದಕ್ಕೆ ವೈದ್ಯರ ನಡುವೆ ಒಂದು ನೂರು ವರ್ಷಕ್ಕೂ ಹಳೆಯ ಪದ್ಧತಿ ಇದೆ. ಒಂದು ಕೇಸನ್ನು ಎಲ್ಲರ ಮುಂದೆ ಇಟ್ಟು, ಎಲ್ಲರೂ ಕೂತು ತಲೆ ಕೆಡಿಸಿಕೊಳ್ಳುವುದು. ಕೇಸ್ ಕಾನ್ಫರೆನ್ಸ್ ಎನ್ನುತ್ತಾರೆ. ಅದರ ಚರಿತ್ರೆ ಹುಡುಕುತ್ತಾ ಹೋದ ನಮಗೆ ಆಶ್ಚರ್ಯವಾದದ್ದು, ಹೆಜ್ಜೆ ಹೆಜ್ಜೆಗೂ ಅದು ಹೊಟ್ಟೆಯ ಸುತ್ತಲೇ ಸುತ್ತುತ್ತದೆ ಎಂಬುದು.

257 ಕೇಸು, ಒಂದು ಸಣ್ಣ ಕರುಳು

ಹೊಟ್ಟೆಯ ಬಲಗಡೆ, ಕೆಳಗೆ, ತಡೆಯಲಾರದ ನೋವು. ಇವತ್ತು ಹೈಸ್ಕೂಲು ಹುಡುಗನೂ 'ಅಪೆಂಡಿಕ್ಸ್ ಇರ್ಬೇಕು' ಅನ್ನುತ್ತಾನೆ. 1886ಕ್ಕೆ ಮುಂಚೆ ದೊಡ್ಡ ದೊಡ್ಡ ವೈದ್ಯರೂ ಹಾಗೆ ಅನ್ನುತ್ತಿರಲಿಲ್ಲ. ದೊಡ್ಡ ಕರುಳು ಶುರುವಾಗುವ ಚೀಲದಂಥ ಭಾಗವೇ ಊದಿಕೊಂಡಿದೆ ಎಂದುಕೊಂಡು ನೋವಿಗೆ ಅಫೀಮು ಕೊಟ್ಟು ಕಾಯುತ್ತಿದ್ದರು. ಕಾಯುತ್ತಿದ್ದಂತೆ ಅನೇಕರು ಸಾಯುತ್ತಿದ್ದರು.

ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಎಂಬ ರೋಗಶಾಸ್ತ್ರಜ್ಞರು ಆ ವರ್ಷ ಒಂದು ಪ್ರಬಂಧ ಓದಿದರು. ಅದರಲ್ಲಿ ಅವರು ಮಾಡಿದ್ದು ಹೊಸ ಪ್ರಯೋಗವಲ್ಲ. ಅಲ್ಲಲ್ಲಿ ದಾಖಲಾಗಿದ್ದ 257 ಕೇಸುಗಳನ್ನು ಒಂದೇ ಕಡೆ ಜೋಡಿಸಿಟ್ಟರು. ಜೋಡಿಸಿದಾಗ ಕಂಡಿದ್ದು ಇಷ್ಟು: ತೂತು ಬೀಳುವುದು ಆ ಚೀಲವಲ್ಲ, ಅದಕ್ಕೆ ತಗುಲಿಕೊಂಡ ಹುಳದಂಥ ಸಣ್ಣ ಬಾಲ. ಬೇಗ ಗುರುತಿಸಿ ಬೇಗ ಆಪರೇಷನ್ ಮಾಡಬೇಕು ಎಂದರು. 'ಅಪೆಂಡಿಸೈಟಿಸ್' ಎಂಬ ಹೆಸರು ಕೊಟ್ಟವರೂ ಅವರೇ.

ಒಬ್ಬ ವೈದ್ಯರ ಜೇಬಿನಲ್ಲಿ ಒಂದು ಕೇಸು, ಇನ್ನೊಬ್ಬರ ಜೇಬಿನಲ್ಲಿ ಮತ್ತೊಂದು. ಹೀಗೆ ಬಿಡಿಬಿಡಿಯಾಗಿದ್ದಷ್ಟು ಕಾಲ ಯಾರಿಗೂ ಏನೂ ತಿಳಿಯಲಿಲ್ಲ. ಒಂದೇ ಮೇಜಿನ ಮೇಲೆ ಸುರಿದಾಗ ತಿಳಿಯಿತು.

ಹೆಬ್ಬಾತು ನುಂಗಿದ್ದನ್ನು ನೋಡಿದ ಹುಡುಗ

ಹತ್ತು ವರ್ಷದ ಬಳಿಕ ಅದೇ ಊರಿನ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ವಾಲ್ಟರ್ ಕ್ಯಾನನ್ ಎಂಬ ವಿದ್ಯಾರ್ಥಿ ಸೇರಿದರು. ಎಕ್ಸ್-ರೇ ಪತ್ತೆಯಾಗಿ ಒಂದು ವರ್ಷ ಆಗಿತ್ತಷ್ಟೆ. 1896ರ ಕೊನೆಯಲ್ಲಿ ಪ್ರೊಫೆಸರ್ ಬೌಡಿಚ್ ಅವರು, ಪ್ರಾಣಿಗಳು ಹೇಗೆ ನುಂಗುತ್ತವೆ ಎಂಬುದನ್ನು ಈ ಹೊಸ ಕಿರಣದಲ್ಲಿ ನೋಡು ಎಂದು ಈ ಮೊದಲ ವರ್ಷದ ಹುಡುಗನಿಗೆ ಹೇಳಿದರು. ಕ್ಯಾನನ್ ಒಂದು ಹೆಬ್ಬಾತನ್ನು ಪೆಟ್ಟಿಗೆಯಲ್ಲಿ ಕೂರಿಸಿ ಅದರ ಉದ್ದ ಕತ್ತಿನಲ್ಲಿ ಆಹಾರ ಇಳಿಯುವುದನ್ನು ನೋಡಿದರು. ಮುಂದೆ ಬೆಕ್ಕುಗಳಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರ ತಿನ್ನಿಸಿ, ಹೊಟ್ಟೆ ಅಲೆಯಲೆಯಾಗಿ ಹಿಂಡುವುದನ್ನು ಕಂಡರು. ಇನ್ನೊಂದು ಸಂಗತಿಯೂ ಕಾಣಿಸಿತು. ಬೆಕ್ಕಿಗೆ ಗಾಬರಿಯಾದರೆ ಹೊಟ್ಟೆಯ ಚಲನೆ ನಿಂತುಬಿಡುತ್ತಿತ್ತು. ಭಯಕ್ಕೂ ಹೊಟ್ಟೆಗೂ ನಂಟಿದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಅವರು ಕಣ್ಣಾರೆ ನೋಡಿದರು.

ಇದೇ ಕ್ಯಾನನ್ನರಿಗೆ ತರಗತಿಯಲ್ಲಿ ಮಾತ್ರ ನಿದ್ದೆ ಬರುತ್ತಿತ್ತು. ಗಂಟೆಗಟ್ಟಲೆ ಪಾಠ, ಬರೆದುಕೊಳ್ಳುವುದು, ಬಾಯಿಪಾಠ. ಅವರ ಕೋಣೆಯಲ್ಲಿದ್ದ ಜೊತೆಗಾರ ಕಾನೂನು ಓದುತ್ತಿದ್ದ ವಿದ್ಯಾರ್ಥಿ. ಹಾರ್ವರ್ಡಿನ ಕಾನೂನು ಶಾಲೆಯಲ್ಲಿ ಲ್ಯಾಂಗ್‌ಡೆಲ್ ಎಂಬ ಡೀನ್ 1870ರ ದಶಕದಲ್ಲೇ ಪಾಠ ಹೇಳುವುದನ್ನು ಬಿಟ್ಟು, ನಿಜವಾದ ಮೊಕದ್ದಮೆಗಳನ್ನು ಕೊಟ್ಟು ಚರ್ಚಿಸುವ ಪದ್ಧತಿ ತಂದಿದ್ದರು. ಆ ಹುಡುಗರು ಊಟಕ್ಕೆ ಕೂತರೂ ಕೇಸಿನದೇ ಜಗಳ. ವೈದ್ಯ ವಿದ್ಯಾರ್ಥಿಗಳಿಗೂ ಹೀಗೇ ಯಾಕೆ ಕಲಿಸಬಾರದು ಎಂದು ಕ್ಯಾನನ್ ಕೇಳಿದರು. 1900ರ ಜನವರಿಯಲ್ಲಿ 'ಬಾಸ್ಟನ್ ಮೆಡಿಕಲ್ ಅಂಡ್ ಸರ್ಜಿಕಲ್ ಜರ್ನಲ್'ನಲ್ಲಿ ಆ ಲೇಖನ ಅಚ್ಚಾಯಿತು. ಬರೆದವರು ಇನ್ನೂ ಪದವಿ ಮುಗಿಸಿರಲಿಲ್ಲ.

ಆ ಪತ್ರಿಕೆಯನ್ನು ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತದೆ.

ಮೂರು ಸಾವಿರ ಶವಗಳು ಹೇಳಿದ್ದು

ಕ್ಯಾನನ್ ಮಾತನ್ನು ಗಟ್ಟಿಯಾಗಿ ಹಿಡಿದವರು ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ರಿಚರ್ಡ್ ಕ್ಯಾಬಟ್. ಕೇಸುಗಳ ಮೂಲಕ ವೈದ್ಯ ಕಲಿಸುವುದರ ಬಗ್ಗೆ 1906ರಲ್ಲಿ ಪುಸ್ತಕವನ್ನೇ ತಂದರು. 1910ರ ಸುಮಾರಿಗೆ ರೋಗಶಾಸ್ತ್ರಜ್ಞ ಜೇಮ್ಸ್ ಹೋಮರ್ ರೈಟ್ ಜೊತೆ ಸೇರಿ ಒಂದು ಕ್ರಮ ಹಾಕಿಕೊಂಡರು. ತೀರಿಹೋದ ಒಬ್ಬ ರೋಗಿಯ ಪೂರ್ತಿ ಕಥೆಯನ್ನು ಸಭೆಯ ಮುಂದೆ ಓದುವುದು. ಎಲ್ಲಿ ನೋವಿತ್ತು, ಯಾವಾಗ ಶುರುವಾಯಿತು, ಪರೀಕ್ಷೆಯಲ್ಲಿ ಏನು ಬಂತು, ಎಲ್ಲ. ಕೊನೆಗೆ ಏನು ಸಿಕ್ಕಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಹಿರಿಯ ವೈದ್ಯರು ಎದ್ದು ನಿಂತು ಎಲ್ಲರ ಎದುರು ಗಟ್ಟಿಯಾಗಿ ಯೋಚಿಸಬೇಕು. ಇದಿರಬಹುದು, ಇದಲ್ಲ, ಯಾಕೆಂದರೆ ಹೀಗೆ, ಅಂತ. ಅವರು ಒಂದು ತೀರ್ಮಾನಕ್ಕೆ ಬಂದ ಮೇಲೆ ಶವಪರೀಕ್ಷೆ ಮಾಡಿದವರು ಎದ್ದು ನಿಜ ಏನೆಂದು ಹೇಳುತ್ತಾರೆ.

ಎಷ್ಟೋ ಸಲ ಹಿರಿಯರು ಸೋಲುತ್ತಿದ್ದರು, ಕಿರಿಯರ ಎದುರಿಗೇ. ಆ ಸಭೆಯ ಜೀವ ಇರುವುದೇ ಅಲ್ಲಿ.

ಕ್ಯಾಬಟ್ ಅಷ್ಟಕ್ಕೆ ನಿಲ್ಲಲಿಲ್ಲ. ಆಸ್ಪತ್ರೆಯ 3,000 ಶವಪರೀಕ್ಷೆಗಳ ವರದಿಗಳನ್ನು ತೆಗೆದು, ಬದುಕಿದ್ದಾಗ ವೈದ್ಯರು ಬರೆದಿದ್ದ ಕಾಯಿಲೆಯ ಹೆಸರಿನ ಪಕ್ಕದಲ್ಲಿಟ್ಟರು. 1912ರಲ್ಲಿ ಫಲಿತಾಂಶ ಪ್ರಕಟಿಸಿದರು. ಟೈಫಾಯಿಡ್, ಸಕ್ಕರೆ ಕಾಯಿಲೆಗಳನ್ನು ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಗುರುತಿಸಿದ್ದರು. ಕೆಲವು ಕಾಯಿಲೆಗಳನ್ನು ಐದರಲ್ಲಿ ಒಂದು ಸಲವೂ ಸರಿಯಾಗಿ ಹೇಳಿರಲಿಲ್ಲ. ಇದು ಯಾವುದೋ ಹಳ್ಳಿ ದವಾಖಾನೆಯ ಲೆಕ್ಕವಲ್ಲ, ದೇಶದ ಹೆಸರಾಂತ ಆಸ್ಪತ್ರೆಯದು. ವೈದ್ಯ ಬಳಗಕ್ಕೆ ಕೋಪ ಬಂತು. ಮನೆಯ ಮಾತನ್ನು ಬೀದಿಗೆ ತಂದ ಎಂದರು. ಆದರೆ ಲೆಕ್ಕ ಲೆಕ್ಕವೇ.

ಕ್ಯಾಬಟ್ಟರ ಇನ್ನೊಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಅಜೀರ್ಣಕ್ಕೆ ಔಷಧ ಬರೆದುಕೊಟ್ಟು ಮನೆಯಲ್ಲಿ ಊಟವಿಲ್ಲದವನನ್ನು ವಾಪಸ್ ಕಳಿಸಿದರೆ ಅದು ಯಾವ ಚಿಕಿತ್ಸೆ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. 1905ರಲ್ಲಿ ಅವರು ಆ ಆಸ್ಪತ್ರೆಯಲ್ಲಿ ರೋಗಿಗಳ ಮನೆಯ ಸ್ಥಿತಿ ವಿಚಾರಿಸುವ ಸಮಾಜಸೇವಾ ವಿಭಾಗ ತೆರೆದರು. ಮುಂದೆ ದಶಕಗಳ ಕಾಲ ಅದನ್ನು ನಡೆಸಿದವರು ಐಡಾ ಕ್ಯಾನನ್, ನಮ್ಮ ಹೆಬ್ಬಾತಿನ ಹುಡುಗ ವಾಲ್ಟರ್ ಅವರ ಅಕ್ಕ-ತಂಗಿಯರಲ್ಲೊಬ್ಬರು.

ಈ ಸಭೆಗಳ ಸುದ್ದಿ ಊರಾಚೆಗೂ ಹಬ್ಬಿತು. ದೂರದ ಊರುಗಳ ವೈದ್ಯರು ನಮಗೂ ಕೇಸು ಕಳಿಸಿ ಎಂದರು. ಅಚ್ಚು ಮಾಡಿಸಿ ಚಂದಾದಾರರಿಗೆ ಅಂಚೆಯಲ್ಲಿ ಕಳಿಸುವುದು ಶುರುವಾಯಿತು. 1920ರ ದಶಕದಲ್ಲಿ ಅದು ಕ್ಯಾನನ್ನರ ಲೇಖನ ಬಂದಿದ್ದ ಅದೇ ಪತ್ರಿಕೆಯ ಕಾಯಂ ಅಂಕಣವಾಯಿತು. 1928ರಲ್ಲಿ ಪತ್ರಿಕೆಯ ಹೆಸರು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂದು ಬದಲಾಯಿತು. ಅಂಕಣ ಇವತ್ತಿಗೂ ನಡೆಯುತ್ತಿದೆ. ಒಂಟಿಯಾಗಿ ಪ್ರಾಕ್ಟೀಸ್ ಮಾಡುವ ಡಾಕ್ಟ್ರು ರಾತ್ರಿ ದೀಪದ ಕೆಳಗೆ ಕೂತು, ಉತ್ತರ ನೋಡದೆ ತಾನೇ ಊಹಿಸಿ, ಆಮೇಲೆ ಪುಟ ತಿರುಗಿಸಿ ನೋಡುವುದು. ಪದವಿ ಮುಗಿದ ಮೇಲೂ ಕಲಿಯುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ಬೇರೆ ಇರಲಿಲ್ಲ.

ಸಭೆಯೂ ತಪ್ಪಬಹುದು

ಎಲ್ಲರೂ ಕೂತು ಮಾತಾಡಿದರೆ ಸತ್ಯ ಹೊರಬರುತ್ತದೆ ಎಂದು ನಂಬಿಬಿಟ್ಟರೆ ಅದೂ ಅಪಾಯ. ಹೊಟ್ಟೆಯ ಹುಣ್ಣಿನ ಕಥೆ ಅದಕ್ಕೆ ಸಾಕ್ಷಿ. ಅಲ್ಸರ್ ಬರುವುದು ಚಿಂತೆಯಿಂದ, ಖಾರದಿಂದ, ಆಸಿಡ್ಡಿನಿಂದ ಎಂದು ಎಷ್ಟೋ ದಶಕ ಎಲ್ಲರೂ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಹೊಟ್ಟೆಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಸುರುಳಿಯಂಥ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಕಂಡವು. ಯುವ ವೈದ್ಯ ಬ್ಯಾರಿ ಮಾರ್ಷಲ್ ಅವರ ಜೊತೆ ಸೇರಿದರು. 1982ರಲ್ಲಿ ಪರ್ತ್‌ನ ವೈದ್ಯರ ಸಭೆಯಲ್ಲಿ ವಿಷಯ ಮಂಡಿಸಿದಾಗ ಬಹುಪಾಲು ಜನ ನಂಬಲಿಲ್ಲ. ಹೊಟ್ಟೆಯ ಆಸಿಡ್ಡಿನಲ್ಲಿ ಯಾವ ಜೀವಿ ಬದುಕೀತು ಎಂಬುದು ಅವರ ವಾದ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಹೊಟ್ಟೆಯ ಒಳಪದರ ಉರಿಯೂತಕ್ಕೆ ತುತ್ತಾಗಿದ್ದು ಎಂಡೋಸ್ಕೋಪಿಯಲ್ಲಿ ಕಂಡಿತು. ಅಲ್ಸರಿಗೆ ಆಂಟಿಬಯೋಟಿಕ್ ಕೊಡಬೇಕು ಎಂಬ ಮಾತು ಸರ್ವಸಮ್ಮತವಾಗಲು ಮತ್ತೆ ಹತ್ತು ವರ್ಷ ಬೇಕಾಯಿತು. ಇಬ್ಬರಿಗೂ ನೊಬೆಲ್ ಬಂದಿದ್ದು 2005ರಲ್ಲಿ.

ಅಂದರೆ ಸಭೆಯಲ್ಲಿ ಎಷ್ಟು ಜನ ಒಪ್ಪಿದರು ಎಂಬುದು ಮುಖ್ಯವಲ್ಲ. ಕೊನೆಯಲ್ಲಿ ಸ್ಲೈಡು ಹಿಡಿದು ನಿಜ ಹೇಳುವವರೊಬ್ಬರು ಇರಬೇಕು. ಕ್ಯಾಬಟ್ಟರ ಸಭೆಯಲ್ಲಿ ಅವರಿಗೊಂದು ಕುರ್ಚಿ ಕಾಯಂ ಆಗಿತ್ತು.

ಶುಕ್ರವಾರ ಬಂದ ತಾಯಿ

ಈಗ ನಮ್ಮ ಕಾಲಕ್ಕೆ ಬರೋಣ. ಸಂಜೀವ್ ಅರೋರಾ ಭಾರತದವರು. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋಗಿ ಹೊಟ್ಟೆ ಮತ್ತು ಲಿವರ್ ತಜ್ಞರಾದವರು. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರದ ವಿಶ್ವವಿದ್ಯಾಲಯದಲ್ಲಿ ಕೆಲಸ. ಆ ರಾಜ್ಯ ವಿಸ್ತಾರದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿಗಿಂತ ದೊಡ್ಡದು, ಜನಸಂಖ್ಯೆ ಸುಮಾರು 20 ಲಕ್ಷ. ಮರುಭೂಮಿ, ಬೆಟ್ಟ, ನಡುನಡುವೆ ಚಿಕ್ಕ ಊರುಗಳು. ಹೆಪಟೈಟಿಸ್ ಸಿ ಇದ್ದವರು 25 ಸಾವಿರಕ್ಕೂ ಹೆಚ್ಚು ಎಂಬ ಅಂದಾಜಿತ್ತು. ಚಿಕಿತ್ಸೆ ಸಿಕ್ಕವರು ಹತ್ತರಲ್ಲಿ ಒಬ್ಬರೂ ಇಲ್ಲ. ಅರೋರಾ ಅವರನ್ನು ನೋಡಲು ಎಂಟು ತಿಂಗಳು ಕಾಯಬೇಕಿತ್ತು.

ಒಂದು ಶುಕ್ರವಾರ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಎರಡು ಮಕ್ಕಳ ತಾಯಿ. ಎಂಟು ವರ್ಷ ಹಿಂದೆಯೇ ಕಾಯಿಲೆ ಪತ್ತೆಯಾಗಿತ್ತು. ಯಾಕೆ ಮೊದಲೇ ಬರಲಿಲ್ಲ ಎಂದು ಕೇಳಿದರೆ, ಗಂಟೆಗಟ್ಟಲೆ ದಾರಿ, ಮತ್ತೆ ಮತ್ತೆ ಬರಬೇಕು, ಅಷ್ಟು ರಜೆ ಹಾಕಿದರೆ ಕೆಲಸ ಹೋಗುತ್ತದೆ ಎಂದರು. ಹೊಟ್ಟೆ ನೋಯತೊಡಗಿದ ಮೇಲೆ ಬಂದಿದ್ದರು. ಪರೀಕ್ಷೆ ಮಾಡಿದರೆ ಲಿವರ್ ಕ್ಯಾನ್ಸರ್. ಕೆಲವೇ ತಿಂಗಳಲ್ಲಿ ತೀರಿಕೊಂಡರು. ಅರೋರಾ ಈ ಕಥೆಯನ್ನು ಸಾರ್ವಜನಿಕವಾಗಿ ಅನೇಕ ಸಲ ಹೇಳಿದ್ದಾರೆ. ಆಕೆಯ ಕಾಯಿಲೆಗೆ ಔಷಧ ಇತ್ತು. ಕೊಡುವುದು ಗೊತ್ತಿದ್ದವರು ಆಕೆಯ ಊರಿನಲ್ಲಿ ಇರಲಿಲ್ಲ.

ಔಷಧ ಕೊಡುವುದು ಆಗ ಸುಲಭವೂ ಆಗಿರಲಿಲ್ಲ. ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ದಿನಾ ರೈಬಾವೈರಿನ್ ಮಾತ್ರೆ, ಕೆಲವರಿಗೆ 48 ವಾರ. ಒಂದರಿಂದ ಮನಸ್ಸು ಕುಸಿದು ಸಾಯುವ ಯೋಚನೆ ಬರಬಹುದು, ಇನ್ನೊಂದರಿಂದ ರಕ್ತ ಕಡಿಮೆಯಾಗಬಹುದು. ಊರಿನ ಡಾಕ್ಟ್ರು ಇದಕ್ಕೆ ಕೈಹಾಕಲು ಹೆದರಿದ್ದು ತಪ್ಪಲ್ಲ.

2003ರಲ್ಲಿ ಅರೋರಾ 'ಪ್ರಾಜೆಕ್ಟ್ ಎಕೋ' ಶುರುಮಾಡಿದರು. ವಾರಕ್ಕೊಂದು ದಿನ ಎರಡು ಗಂಟೆ ಹಳ್ಳಿಗಾಡಿನ ವೈದ್ಯರು, ನರ್ಸುಗಳು, ಜೈಲಿನ ವೈದ್ಯರು ತಮ್ಮ ತಮ್ಮ ಜಾಗದಿಂದಲೇ ವಿಡಿಯೋ ಅಥವಾ ಫೋನಿನಲ್ಲಿ ಸೇರುತ್ತಾರೆ. ಒಬ್ಬೊಬ್ಬರೂ ತಮ್ಮ ರೋಗಿಯ ಕೇಸು ಹೇಳುತ್ತಾರೆ. ಹೆಸರಿಲ್ಲ. ವಯಸ್ಸು, ರಕ್ತದ ಲೆಕ್ಕ, ಎಷ್ಟನೇ ವಾರದ ಔಷಧ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ, ಇಷ್ಟೇ. ಆ ಕಡೆ ಲಿವರ್ ತಜ್ಞರು, ಮನೋವೈದ್ಯರು, ಔಷಧ ತಜ್ಞರು. ಹಿಮೋಗ್ಲೋಬಿನ್ ಇಳಿದಿದೆ, ಮಾತ್ರೆ ಕಡಿಮೆ ಮಾಡಲೇ? ರೋಗಿ ಮಾತು ಬಿಟ್ಟಿದ್ದಾರೆ, ಇಂಜೆಕ್ಷನ್ ನಿಲ್ಲಿಸಲೇ? ಒಬ್ಬರ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಮುಂದಿನ ವಾರ ಅದೇ ವೈದ್ಯರು ಬಂದು ಏನಾಯಿತು ಎಂದು ಹೇಳಬೇಕು. ಹೀಗೆ ಒಂದು ವರ್ಷ ಕೂತವರು ಇನ್ನೊಬ್ಬರಿಗೆ ಹೇಳಿಕೊಡುವಷ್ಟು ಪಳಗುತ್ತಾರೆ. ಸೇರಲು ಹಣವಿಲ್ಲ, ಜೊತೆಗೆ ಮುಂದುವರಿದ ವೈದ್ಯಕೀಯ ಶಿಕ್ಷಣದ ಅಂಕವೂ ಸಿಗುತ್ತದೆ.

ಟೆಲಿಮೆಡಿಸಿನ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ದೂರದ ತಜ್ಞರು ಒಬ್ಬ ರೋಗಿಯನ್ನು ನೋಡುತ್ತಾರೆ. ಇಲ್ಲಿ ರೋಗಿಯನ್ನು ನೋಡುವವರು ಊರಿನ ಡಾಕ್ಟ್ರೇ. ಕಲಿತದ್ದು ಅವರಲ್ಲೇ ಉಳಿಯುತ್ತದೆ, ನಾಳೆ ಬರುವ ರೋಗಿಗೂ ಆಗುತ್ತದೆ.

ಇದು ಕೆಲಸ ಮಾಡಿತೇ? 407 ರೋಗಿಗಳ ಮೇಲೆ ಲೆಕ್ಕ ಹಾಕಿದರು. ವಿಶ್ವವಿದ್ಯಾಲಯದ ತಜ್ಞರ ಕ್ಲಿನಿಕ್ಕಿನಲ್ಲಿ 146 ಜನ, 16 ಊರಿನ ಕ್ಲಿನಿಕ್ಕುಗಳು ಮತ್ತು 5 ಜೈಲುಗಳಲ್ಲಿ 261 ಜನ. ವೈರಸ್ಸು ಪೂರ್ತಿ ಹೋದವರು ತಜ್ಞರಲ್ಲಿ ಶೇಕಡ 57.5, ಊರುಗಳಲ್ಲಿ ಶೇಕಡ 58.2. ತೀವ್ರ ಅಡ್ಡಪರಿಣಾಮ ತಜ್ಞರಲ್ಲಿ ಶೇಕಡ 13.7, ಊರುಗಳಲ್ಲಿ 6.9. ಚೀಟಿ ಎತ್ತಿ ರೋಗಿಗಳನ್ನು ಹಂಚಿದ ಪ್ರಯೋಗ ಅಲ್ಲ ಇದು, ಹಾಗಾಗಿ ಊರಿನವರೇ ಮೇಲು ಎಂದು ಕುಣಿಯುವಂತಿಲ್ಲ. ಕೀಳಲ್ಲ ಎಂದಂತೂ ಹೇಳಬಹುದು. 2011ರಲ್ಲಿ ಇದು ಪ್ರಕಟವಾದದ್ದು ಎಲ್ಲಿ ಗೊತ್ತೇ? 'ನ್ಯೂ ಇಂಗ್ಲೆಂಡ್ ಜರ್ನಲ್'ನಲ್ಲಿ. ವಿದ್ಯಾರ್ಥಿ ಕ್ಯಾನನ್ ಬರೆದ ಪತ್ರಿಕೆಯಲ್ಲೇ, 111 ವರ್ಷದ ನಂತರ.

ನಮ್ಮ ಕಡೆಗೆ

ಈ ಮಾದರಿ ಕರ್ನಾಟಕಕ್ಕೂ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಎಕೋ ಕ್ರಮದಲ್ಲಿ ವ್ಯಸನ ಮತ್ತು ಮಾನಸಿಕ ಕಾಯಿಲೆಗಳ ಬಗ್ಗೆ ದೂರದ ಜಿಲ್ಲೆ, ಬೇರೆ ರಾಜ್ಯಗಳ ವೈದ್ಯರಿಗೆ ಕೇಸುಗಳ ಮೂಲಕ ತರಬೇತಿ ಕೊಡುತ್ತಿದೆ. ಹೆಪಟೈಟಿಸ್ ಸಿ ಚಿಕಿತ್ಸೆಯೂ ಬದಲಾಗಿದೆ. ಈಗ ಇಂಜೆಕ್ಷನ್ ಇಲ್ಲ. ಹೆಚ್ಚಿನವರಿಗೆ 12 ವಾರ ಮಾತ್ರೆ ಸಾಕು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಉಚಿತ. ಆದರೆ ಪರೀಕ್ಷೆ ಬರೆಯಬೇಕು ಎಂದು ಹೊಳೆಯಬೇಕಾದದ್ದು ತಾಲ್ಲೂಕಿನ ಡಾಕ್ಟ್ರಿಗೆ. ಹೊಳೆಯದಿದ್ದರೆ ಉಚಿತ ಮಾತ್ರೆ ಡಬ್ಬಿಯಲ್ಲೇ ಇರುತ್ತದೆ.

ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಕಲಿಕೆ ಮುಂದುವರಿಸಬೇಕು ಎಂದು 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ಆ ಗಂಟೆಗಳು ಊಟದ ಹಾಲ್ ಇರುವ ಹೋಟೆಲ್ಲಿನಲ್ಲಿ ಸ್ಲೈಡ್ ನೋಡುತ್ತಾ ಕಳೆಯಬಹುದು, ತನ್ನದೇ ರೋಗಿಯ ಕೇಸು ಹಿಡಿದು ಕೂತೂ ಕಳೆಯಬಹುದು. ಅಂಕ ಒಂದೇ. ಊರಿಗೆ ಆಗುವ ಉಪಯೋಗ ಒಂದೇ ಅಲ್ಲ.

ಇದನ್ನೆಲ್ಲ ಓದಿದ ಮೇಲೆ ನಾವು ಎರಡು ಕೆಲಸ ಮಾಡಿದೆವು. ಒಂದು, ಆ ತಾಯಿಯ ಮನೆಗೆ ಹೋಗಿ ತಪ್ಪಾಯಿತು ಎಂದೆವು. ಅವರು ಕಾಫಿ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಎರಡು, ಅವರ ಒಪ್ಪಿಗೆ ಪಡೆದು ಆಸ್ಪತ್ರೆಯ ಕಾಗದವನ್ನು ಜೆರಾಕ್ಸ್ ಮಾಡಿಸಿ ರೆಫರ್ ಮಾಡಿದ್ದ ಡಾಕ್ಟ್ರಿಗೆ ಕೊಟ್ಟೆವು. ಓಪಿಡಿ ತುಂಬಿತ್ತು. ನಿಂತುಕೊಂಡೇ ಓದಲು ಶುರುಮಾಡಿದವರು ಅರ್ಧಕ್ಕೆ ಕೂತರು. 'ನಾವು ಕಳ್ಸಿದ ಪೇಷೆಂಟ್‌ಗಳ ಕಾಗದ ವಾಪಸ್ ಬರೋದೇ ಇಲ್ಲ ಕಣ್ರೀ' ಎಂದರು. ಆಮೇಲೆ, 'ಇವ್ರ ಮನೆಯವ್ರನ್ನೂ ಒಂದ್ಸಲ ಟೆಸ್ಟ್ ಮಾಡ್ಬೇಕು, ಬರೋಕೆ ಹೇಳಿ' ಎಂದರು.

ಹೇಳಿದೆವು. ತಾಯಿ, ಮಗ ಇಬ್ಬರೂ ಬಂದರು. ಇಬ್ಬರಿಗೂ ಇಲ್ಲ ಎಂದು ರಿಪೋರ್ಟು ಬಂತು. ಆ ರಿಪೋರ್ಟನ್ನು ಆಕೆ ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿದರಂತೆ.

ಓದುವವರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯವರು ಯಾರಾದರೂ ದೊಡ್ಡಾಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದರೆ ಆ ಕಾಗದದ ಒಂದು ಜೆರಾಕ್ಸನ್ನು ಮೊದಲು ನೋಡಿದ್ದ ನಿಮ್ಮೂರ ಡಾಕ್ಟ್ರಿಗೆ ಕೊಡಿ. ರಾತ್ರಿ ಒಂಬತ್ತೂವರೆ ಬಸ್ಸಿನಲ್ಲಿ ಹೋದ ಚೀಟಿ ಬೆಳಗಿನ ಬಸ್ಸಿನಲ್ಲಿ ವಾಪಸ್ಸೂ ಬರಲಿ.